ಎಡಹೆಗಲು

ಮಂಗಳವಾರ ಬೆಳಿಗ್ಗೆಯೇ ಹೋಗಬೇಕು.
ಶನಿವಾರ ತೀರಿಕೊಂಡವರ ಬೀರು
ಭಾನುವಾರ ಖಾಲಿಯಾಗಿ
ಸೋಮವಾರ ಕಪ್ಪು ಚೀಲದಲ್ಲಿ ಬಂದು ಕೂತಿರುತ್ತದೆ
ಹಡರ್ಸ್‌ಫೀಲ್ಡಿನ ಇಳಿಜಾರು ಬೀದಿಯ
ದಾನದಂಗಡಿಯ ಬಾಗಿಲಿಗೆ ಒರಗಿ.
ಬುಧವಾರಕ್ಕೆ ಉಳಿಯುವುದು ಬರೀ ಪಾಲಿಯೆಸ್ಟರು.

ಮೂವತ್ತೊಂದು ವರ್ಷ ಕಾಗದ ಹಂಚಿದವನು ನಾನು.
ಈಗ ಕಾಲಿಗೆ ಕೆಲಸವಿಲ್ಲ, ಬೆರಳಿಗೆ ಕೊಟ್ಟಿದ್ದೇನೆ:
ಕಣ್ಣು ಮುಚ್ಚಿ
ತೂಗುಬಿಟ್ಟ ತೋಳುಗಳ ಸಾಲು ಸವರಿಕೊಂಡು ಹೋಗುವುದು,
ಬೇಲಿಯಾಚೆಯ ಕುದುರೆಗಳ ಮೂತಿ ಸವರಿದ ಹಾಗೆ.
ಜಾರಿದರೆ ಬೇಡ.
ಚುಚ್ಚಿದರೆ ಯೋಚಿಸಬೇಕು.
ಬೆರಳು ತಾನಾಗಿ ನಿಂತರೆ ಕಣ್ಣು ತೆರೆಯಬೇಕು.

ಆಮೇಲೆ ಪರೀಕ್ಷೆ.
ಎದೆಯ ಬಟ್ಟೆ ಚಿವುಟಿ ಎಳೆದರೆ
ಎರಡು ಪದರದ ನಡುವೆ ಮೂರನೆಯದೊಂದು ತೇಲಬೇಕು,
ಅಂಟು ಹಾಕದೆ ಸೂಜಿಯಲ್ಲಿ ಕೂರಿಸಿದ್ದು.
ತೋಳಿನ ಗುಂಡಿ ನಿಜಕ್ಕೂ ಬಿಚ್ಚಬೇಕು.
ಕಾಜದ ಹಿಂಬದಿ ಸ್ವಲ್ಪ ಅಸ್ತವ್ಯಸ್ತವಿದ್ದರೆ ಒಳ್ಳೆಯದು,
ಕೈಯಲ್ಲಿ ಹೊಲಿದದ್ದಕ್ಕೆ ಬೆನ್ನು ಅಂತ ಒಂದು ಇರುತ್ತದೆ.
ಗುಂಡಿಯನ್ನು ಹಲ್ಲಿಗೆ ತಟ್ಟು, ಕೊಂಬಿನದು ಬೇರೆ ಸದ್ದು.
ಕಂಕುಳು ಮೂಸಲು ನಾಚಬೇಡ.
ಕೊನೆಗೆ ಕಿಟಕಿಯ ಬೆಳಕಿಗೆ ಹಿಡಿ:
ಬೆನ್ನಲ್ಲಿ ನಕ್ಷತ್ರ ಕಂಡರೆ ನುಸಿ ಉಂಡೆದ್ದಿದೆ,
ಇಟ್ಟುಬಿಡು, ಎಷ್ಟೇ ಚೆಂದವಿರಲಿ.

ಹೀಗೆ ಸಿಕ್ಕಿದ್ದು
ಎಂಟು ಪೌಂಡಿಗೆ ಒಂದು ಒಂಟೆಬಣ್ಣದ ಓವರ್‌ಕೋಟು,
ಕಿಸೆಯಲ್ಲಿ ಬಸ್ ಟಿಕೆಟ್ಟು, ಅರ್ಧ ಪೆಪ್ಪರ್‌ಮಿಂಟು.
ಸವೆದ ಕಾಲರನ್ನು ಯಾರೋ ಬಿಚ್ಚಿ
ಮಗುಚಿ ಹೊಲಿದ ಅಂಗಿ.
ಮತ್ತೆ ಕಂದು ಬಣ್ಣದ ಅದ್ಭುತ ಶೂ,
ಒಂಬತ್ತರ ಅಳತೆ, ಅಪ್ಪಟ ಚರ್ಮ,
ಎರಡೂ ಬಲಗಾಲಿನವು.
ಮನೆಗೆ ಬಂದ ಮೇಲೆ ತಿಳಿಯಿತು.

ಆವತ್ತು ಆಲಿಕಲ್ಲು ಬೆರೆತ ಗಾಳಿ.
ಬೆರಳು ನಿಂತದ್ದು ಒಂದು ಮೀನುಮುಳ್ಳಿನ ನೇಯ್ಗೆಯ ಮೇಲೆ.
ಗಲ್ಲಾದಲ್ಲಿ ಡೋರೀನ್ ಹೇಗ್.
ಹದಿನೈದಕ್ಕೆ ಮಿಲ್ಲು ಸೇರಿದವಳು,
ಥಾನಿನಲ್ಲಿ ತುಂಡಾದ ಎಳೆ ಹುಡುಕಿ
ಸೂಜಿಯಲ್ಲಿ ಕೂಡಿಸುವ ಕೆಲಸ.
ಕೋಟು ಕಸಿದುಕೊಂಡು ಉಗುರಿನಲ್ಲಿ ಕೆರೆದಳು:
'ನಮ್ಮ ಕಣಿವೆಯದೇ ಬಟ್ಟೆ.
ಇಲ್ಲೊಂದು ಎಳೆ ತಪ್ಪಿತ್ತು, ಯಾವಳೋ ಮುಚ್ಚಿದ್ದಾಳೆ, ನೋಡು.'
ನನಗೇನೂ ಕಾಣಲಿಲ್ಲ.
'ಕಾಣಬಾರದು. ಅದಕ್ಕೇ ಸಂಬಳ ಕೊಡುತ್ತಿದ್ದರು.'

ತೊಟ್ಟೆ.
ನನ್ನ ಮೇಲೆ ಯಾವ ಕೋಟೂ ನೆಟ್ಟಗೆ ಕೂತದ್ದಿಲ್ಲ.
ಅಂಚೆಚೀಲದ ಪಟ್ಟಿ ಎಡಹೆಗಲನ್ನು
ವರ್ಷಕ್ಕೊಂದು ಕೂದಲೆಳೆಯಷ್ಟು ಕೆಳಗೆ ತಂದಿಟ್ಟಿದೆ,
ಮದುವೆಯ ಫೋಟೋದಲ್ಲಿದ್ದವನು ಸಮನಾಗಿದ್ದ.
ಇದು ಕೂತಿತು.
ಕನ್ನಡಿಯಲ್ಲಿ ಎರಡು ಹೆಗಲೂ ಒಂದೇ ಎತ್ತರ,
ನಾನು ಯಾರನ್ನೋ ಬಗ್ಗಿ ನೋಡುವ ಹಾಗೆ ನೋಡಿದೆ.

ಅಸ್ತರಿಯ ಮೇಲಿಂದ ಒತ್ತಿದೆ. ಎಡಗಡೆ ಮಾತ್ರ
ಬೆರಳು ದಪ್ಪ ಹೆಚ್ಚಿನ ಹತ್ತಿ.
ಟೇಪು ಹಿಡಿದು ಅಳೆದವನು ಕಂಡಿದ್ದ,
ಬಾಯಿ ಬಿಡದೆ ತುಂಬಿದ್ದ.
ಒಳಗಿಸೆಯ ಚೀಟಿಯಲ್ಲಿ ಮಸುಕಾದ ಶಾಯಿ:
ಎಚ್. ಆರ್ಮಿಟೇಜ್, ಮಾರ್ಚ್ ೧೯೬೨.

ನಮ್ಮ ಅಂಚೆಕಚೇರಿಯಲ್ಲಿ ಆ ಹೆಸರಿನವರು ಇರಲಿಲ್ಲ.
ಕಲ್ಲಿದ್ದಲು ಹೊತ್ತನೆ? ಏಣಿ ಹೊತ್ತು ಗಾಜು ಒರೆಸಿದನೆ?
'ಮಗುವೂ ಇರಬಹುದು' ಅಂದಳು ಡೋರೀನ್,
'ನಡೆಯಲಾರದ ಮಗು ಬೆಳೆಯುವುದಂತೂ ಬೆಳೆಯುತ್ತದಲ್ಲ.'
ಅಷ್ಟು ಹೇಳಿ ಚಿಲ್ಲರೆ ಎಣಿಸತೊಡಗಿದಳು.
ಆರು ಪೌಂಡು. ನಾನು ಚೌಕಾಸಿ ಮಾಡಲಿಲ್ಲ,
ಅವಳು ಬಿಡುತ್ತಲೂ ಇರಲಿಲ್ಲ.

ಬಸ್ಸಿನಲ್ಲಿ ಅದನ್ನೇ ಹಾಕಿಕೊಂಡು ಬಂದೆ.
ಮುಂದಿನ ಸೀಟುಗಳಲ್ಲಿ ಬರೀ ಬೆನ್ನುಗಳು,
ಒಂದಾದರೂ ಸಮ ಇರಲಿಲ್ಲ.
ಶಾಲೆಯ ಹುಡುಗಿಯದೂ ಆಗಲೇ ಬಲಕ್ಕೆ ವಾಲಿತ್ತು.

ಬರುವ ಮಂಗಳವಾರ ಶೂ ನೋಡಬೇಕು.
ಒಂಬತ್ತು. ಕಂದು.
ಎಡಗಾಲಿನದು ಒಂದು ಸಿಕ್ಕರೂ ಸಾಕು.