ಚಕ್ಕುಬಂದಿ

"ಕಾಗದದ ಬಾಗಿಲಾ ಮೇಡಂ? ಈ ದುರ್ಗದ ಗಾಳಿಗಾ?"
ಮೌನೇಶ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಕೇಳಿದ.
ಆಷಾಢದಲ್ಲಿ ತಗಡು ಹಾರುವ ಊರು.
ಚಿತ್ರ ತೋರಿಸಿದೆ: ಹಲ್ಲಿನ ಡಾಕ್ಟರ ಬಳಿ
ಕಾಯುತ್ತ ಕೂತಾಗ ಹರಿದುಕೊಂಡ ಪುಟ,
ಮಡಿಕೆಯ ಗೆರೆ ಜಪಾನಿನ ನಡುಮನೆಯಲ್ಲೇ ಹಾದಿತ್ತು.

ಹೊಳಲ್ಕೆರೆ ರಸ್ತೆಯ ತಗ್ಗು ಮನೆ, ಮಹಡಿಯಿಲ್ಲ.
ಕೋರ್ಟಿನೆದುರು ಹತ್ತೊಂಬತ್ತು ವರ್ಷ
ಊರವರ ಆಸ್ತಿಯನ್ನೆಲ್ಲ ಟೈಪು ಮಾಡಿ ಕೊಂಡದ್ದು.
ಗೋಡೆಗೆ ಪಿಸ್ತಾ ಹಸಿರು, ಅದರ ಕೆಳಗೆ ಗುಲಾಬಿ,
ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ;
ದಾದಾಪೀರ್ ಕೆರೆದಂತೆಲ್ಲ
ಯಾರ್ಯಾರದೋ ಮದುವೆಯ ವರ್ಷಗಳು ಉದುರಿದವು.

ನಡುಗೋಡೆಗೆ ಹದಿನೇಳು ಮೊಳೆ,
ಕ್ಯಾಲೆಂಡರಿಗೆ, ಬಾಸಿಂಗಕ್ಕೆ, ಸತ್ತವರಿಗೆ.
ಗೋಡೆ ಹೋಯಿತು.
ಮೊಳೆ ಮಾತ್ರ ಡಬ್ಬಿಯಲ್ಲಿದೆ, ಕಾರಣ ಕೇಳಬೇಡಿ.

ಮೊಳೆಯಿಲ್ಲದೆ ಕೀಲು ಕೂಡಿಸಬೇಕು ಎಂದರೆ ನಕ್ಕ:
"ಗಾಡಿ ಚಕ್ರಕ್ಕೆ ನಮ್ಮಪ್ಪ ಮೊಳೆ ಹೊಡೀತಿದ್ನಾ?"
ಕಾಗದ ಬೇಡವೆಂದು ತಾನೇ ತೀರ್ಮಾನಿಸಿ
ದಾವಣಗೆರೆ ಮಿಲ್ಲಿನ ಹಳೇ ಮಲ್ಲು ತಂದ,
ಅಕ್ಕಿ ಗಂಜಿ ಸವರಿ ತಮಟೆಯಂತೆ ಬಿಗಿದ.
ನೆಲಕ್ಕೆ ಚಳ್ಳಕೆರೆ ಕಂಬಳಿ.
ಜಪಾನು ನಮ್ಮ ಹೊಸ್ತಿಲವರೆಗೆ ಬಂದು
ಚಪ್ಪಲಿ ಬಿಟ್ಟು ನಿಂತಿತು.

ಹಿತ್ತಲ ಬಂಡೆಗೆ ಮದ್ದಿಡಲೆಂದು
ಹಿಂದಿನವರು ಕೊರೆದ ತೂತು ಎರಡು ಹಾಗೇ ಇವೆ.
ಅದರೆದುರು ನೆಲಮಟ್ಟಕ್ಕೆ ಕಿಟಕಿ ಇಡಿಸಿದೆ.
ನಿಂತರೆ ಕಾಣದು, ಕೂರಬೇಕು.
ಈಗ ದಿನಾ ಸಂಜೆ ಬಂಡೆಯೂ ನಾನೂ
ಒಬ್ಬರನ್ನೊಬ್ಬರು ಒಡೆಯದೆ ಕೂರುತ್ತೇವೆ.

ಮೂಲೆಯಲ್ಲೊಂದು ಗೂಡು, ಖಾಲಿ.
"ಯಾವ ದೇವರು ಬರ್ತಾನೆ ಇಲ್ಲಿ?" ಪಕ್ಕದ ಮನೆಯ ತಿಪ್ಪಕ್ಕ.
"ಯಾರೂ ಇಲ್ಲ."
"ಹಂಗಂದ್ರೆ ಬಯಲು ಅನ್ನು ಮತ್ತೆ,"
ಎಂದವಳೇ ತನ್ನ ಗ್ಯಾಸಿನ ಪುಸ್ತಕ ಅಲ್ಲಿಟ್ಟು
ಹೂ ಕೊಯ್ಯಲು ಹೋದಳು. ಮೂರು ದಿನ ಅದೇ ಇತ್ತು.

ಆಷಾಢ ಬಂತು. ಬಾಗಿಲು
ಮಲಗಿದ ಕರುವಿನ ಹೊಟ್ಟೆಯಂತೆ ಏರಿ ಇಳಿಯಿತು,
ಏರಿ ಇಳಿಯಿತು, ನಡುರಾತ್ರಿ ಚರ್ರೆಂದಿತು.
ಮೌನೇಶ ಫೋನೆತ್ತಲಿಲ್ಲ.
ಕೈಗೆ ಸಿಕ್ಕ ತಪ್ಪಾದ ಕ್ರಯಪತ್ರದ ಹಾಳೆಯನ್ನೇ
ಕತ್ತರಿಸಿ, ಗಂಜಿ ಹಚ್ಚಿ ಅಂಟಿಸಿದೆ.

ದೀಪ ಹಚ್ಚಿದರೆ ಆಚೆಯಿಂದ
ನನ್ನದೇ ಅಕ್ಷರ ತಿರುಗುಮುರುಗಾಗಿ ಹೊಳೆಯುತ್ತದೆ:
ಪೂರ್ವಕ್ಕೆ ರಸ್ತೆ,
ಪಶ್ಚಿಮಕ್ಕೆ ಯಾರದೋ ಹೊಲ,
ಉತ್ತರಕ್ಕೆ ಖುಲ್ಲಾ ಜಾಗ.
ದಕ್ಷಿಣ, ಕತ್ತರಿಗೆ ಹೋಗಿದೆ.