ನಡಾವಳಿ

ಗ್ದಿನ್ಯಾ ಬಂದರಿನ ಕಚೇರಿ, ಮೂರನೇ ಮಹಡಿ.
ಸಂದರ್ಶನದ ದಿನ ನನ್ನದು ಕಿಟಕಿ ಪಕ್ಕದ ಕುರ್ಚಿ.
ಕೇಳುವವಳಲ್ಲ, ಹೇಳುವವಳೂ ಅಲ್ಲ,
ಬರೆದುಕೊಳ್ಳುವವಳು.
ಇಪ್ಪತ್ತಾರು ವರ್ಷದಿಂದ ನಿಯಮ ಒಂದೇ:
ಉತ್ತರ ಬರಿ, ಪ್ರಶ್ನೆ ಬಿಡು.

ಹಾಗಾಗಿ ನನ್ನ ಕಡತಗಳಲ್ಲಿ
ಹೆಂಗಸರು ತಮ್ಮಷ್ಟಕ್ಕೆ ತಾವೇ,
ಯಾರೂ ಕೇಳದೆಯೇ ಹೇಳಿಕೊಂಡಿದ್ದಾರೆ:
ಸದ್ಯಕ್ಕೆ ಮದುವೆಯ ಯೋಚನೆಯಿಲ್ಲ.
ಗಂಡನ ಒಪ್ಪಿಗೆ ಇದೆ.
ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ.
ಇನ್ನು ಸಾಕು ಅಂದುಕೊಂಡಿದ್ದೇವೆ.
ಓದಿದವರಿಗೆ ಅನ್ನಿಸಬೇಕು,
ಎಂಥ ಬಾಯಿಬಡುಕಿಯರಪ್ಪ,
ಕ್ರೇನು ನಡೆಸಲು ಬಂದು
ಮನೆಮಾತೆಲ್ಲ ಹರವಿ ಕೂರುತ್ತಾರೆ.

ಇವತ್ತು ಬಂದವಳು ಕಲೀನಾ.
ಕೈಯಲ್ಲಿ ಒದ್ದೆ ಟೋಪಿ,
ರಸ್ತೆಯ ಹಿಮಕ್ಕೆ ಸುರಿದ ಉಪ್ಪು
ಬೂಟಿನ ಮೇಲೆ ಬಿಳಿ ಗೆರೆಯಾಗಿ ಒಣಗಿತ್ತು.
ಝೆನೋನ್ ಗಾಳಿಯ ಬಗ್ಗೆ ಕೇಳಿದರು:
ಎಷ್ಟು ವೇಗಕ್ಕೆ ಕೆಲಸ ನಿಲ್ಲಿಸುತ್ತೀ?
ಸೆಕೆಂಡಿಗೆ ಇಪ್ಪತ್ತು ಮೀಟರು ಅಂದಳು,
ಅದಕ್ಕೂ ಮುಂಚೆ ಹಗ್ಗವೇ ಹೇಳುತ್ತದೆ ಅಂದಳು.
ಮಂಜು ಕವಿದು, ಕೆಳಗಿನವನ ಕೈಸನ್ನೆ ಕಾಣದಿದ್ದರೆ?
"ಕಾಣದ್ದನ್ನು ಎತ್ತುವುದಿಲ್ಲ."
ಬರೆದುಕೊಂಡೆ. ಒಳ್ಳೆಯ ವಾಕ್ಯ.

ಆಮೇಲೆ ಝೆನೋನ್ ಕನ್ನಡಕ ತೆಗೆದರು.
ಅವರು ಕನ್ನಡಕ ತೆಗೆದರೆಂದರೆ
ನಾನು ಪೆನ್ನು ಎತ್ತಬೇಕು,
ಬಾಯಿಬಿಟ್ಟು ಮಾಡಿಕೊಳ್ಳದ ಒಪ್ಪಂದ ಅದು.
"ಮೂವತ್ತೊಂದಲ್ಲವೇ ವಯಸ್ಸು?
ನೋಡು, ತಪ್ಪು ತಿಳಿಯಬೇಡ,
ನನ್ನ ಮಗಳಿದ್ದ ಹಾಗೆ ನೀನು..."
ತಪ್ಪು ತಿಳಿಯಬೇಡ ಅನ್ನುವವರು
ತಪ್ಪನ್ನು ಬಗಲಲ್ಲೇ ಇಟ್ಟುಕೊಂಡು ಬಂದಿರುತ್ತಾರೆ.
"ತರಬೇತಿಗೆ ಹಣ ಸುರಿಯುತ್ತೇವೆ.
ಎರಡೇ ವರ್ಷಕ್ಕೆ ಬಸುರಿ ಅಂತ
ನೀನು ಇಳಿದುಬಿಟ್ಟರೆ?"

ಪಕ್ಕದಲ್ಲಿ ತಿಮೋನ್, ಹೊಸ ಹುಡುಗ, ಕಾನೂನು ಓದಿದವನು,
ಬಿಸ್ಕತ್ತಿನ ಮೇಲಿನ ಸಕ್ಕರೆ ಹರಳು ಎಣಿಸತೊಡಗಿದ.

ಈ ಪ್ರಶ್ನೆಗೆ ಬರುವ ಮುಖಗಳು ನನಗೆ ಗೊತ್ತು.
ಒಬ್ಬಳು ನಕ್ಕಳು, ಹಲ್ಲಿನಲ್ಲಿ ಮಾತ್ರ.
ಒಬ್ಬಳು ಚೀಲ ಎತ್ತಿಕೊಂಡು ಹೊರಟೇ ಹೋದಳು;
ಅವಳ ಹಾಳೆಯಲ್ಲಿ 'ಆಸಕ್ತಿ ಇಲ್ಲ' ಎಂದು ಬರೆದವಳು ನಾನೇ.
ಇನ್ನೊಬ್ಬಳು, ತುಂಬಾ ಹಿಂದೆ,
ಇಲ್ಲ, ಅಂಥದ್ದೇನಿಲ್ಲ, ಅಂತ ಎರಡು ಸಲ ಅಂದಳು.
ಹೊಟ್ಟೆಯೊಳಗೆ ಒಂಬತ್ತು ವಾರ.
ಚಳಿಗಾಲವಿಡೀ ಅಣ್ಣನ ಸ್ವೆಟರಿನಲ್ಲಿ ಬಂದಳು.
ಅವಳ ಕೈಬರಹ ದುಂಡಗಿತ್ತು,
ಈ ಕುರ್ಚಿ ಕೊಟ್ಟರು.

ಕಲೀನಾ ಟೋಪಿಯನ್ನು ಮೇಜಿನ ಮೇಲಿಟ್ಟಳು.
ಝೆನೋನರನ್ನು ನೋಡಲಿಲ್ಲ, ನನ್ನನ್ನು ನೋಡಿದಳು:
"ಮೇಡಂ, ನೀವು ಬರೆಯುತ್ತಿಲ್ಲವಲ್ಲ.
ಅವರು ಕೇಳಿದ್ದನ್ನು ಮೊದಲು ಬರೆದುಕೊಳ್ಳಿ,
ಹೆಸರು, ಹೊತ್ತು ಸಮೇತ.
ಆಮೇಲೆ ನಿಧಾನಕ್ಕೆ ಉತ್ತರ ಕೊಡುತ್ತೇನೆ."
ದನಿಯಲ್ಲಿ ಸಿಟ್ಟಿರಲಿಲ್ಲ.
ಭಾರ ಎತ್ತುವ ಮುನ್ನ
ಕೊಕ್ಕೆ ಸರಿಯಾಗಿ ಕೂತಿದೆಯೇ ಎಂದು
ಎಳೆದು ನೋಡುವವರ ದನಿ.

ಹೀಟರು ಟಿಕ್ ಅಂದಿತು.
ಝೆನೋನ್ ಕನ್ನಡಕ ಹಾಕಿಕೊಂಡರು,
ಅಂದರೆ ಮುಗಿಯಿತು, ಮುಂದಿನ ಹಾಳೆ.
"ಬಿಡಮ್ಮ, ಸುಮ್ಮನೆ ಲೋಕಾಭಿರಾಮಕ್ಕೆ ಕೇಳಿದ್ದು."

ಪೆನ್ನು ಇನ್ನೂ ಗಾಳಿಯಲ್ಲೇ ಇತ್ತು.
ಇಳಿಸಿದೆ.
ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪ್ರಶ್ನೆ,
ಎಂದು ಬರೆದು, ಎರಡು ಚುಕ್ಕೆ ಇಟ್ಟು,
ಗಟ್ಟಿಯಾಗಿ ಕೇಳಿದೆ:
"ಬಸುರಿ ಅಂದ ಮೇಲೆ ಸಾರ್, ನೀವಂದದ್ದು
ಇಳಿದುಬಿಟ್ಟರೆ ಅಂತಲೋ, ಇಳಿದುಹೋದರೆ ಅಂತಲೋ?
ವಯಸ್ಸಾಯಿತು ನೋಡಿ, ಕಿವಿ ಮಂದ."

ಝೆನೋನ್ ಕಿಟಕಿಯತ್ತ ತಿರುಗಿದರು.
ತಿಮೋನ್ ಬಿಸ್ಕತ್ತು ಕೆಳಗಿಟ್ಟು,
ಕೆಮ್ಮಿ,
"ಬಿಟ್ಟರೆ" ಅಂದ.