ಸತ್ತವುಗಳ ಲೆಕ್ಕ

ಹೋದ ವರ್ಷ ಫೋನಿನಲ್ಲೇ ಹೇಳಿ ತರಿಸಿದ್ದೆ.
ಮರಿಗೆ ಹದಿನೆಂಟು ರೂಪಾಯಿ, ನೂರಕ್ಕೆ ಎರಡು ಉಚಿತ.
ಬಸ್ಸಿನ ಡಿಕ್ಕಿಯಲ್ಲಿ ಬಂದ ರಟ್ಟಿನ ಡಬ್ಬ
ಸುಂಟಿಕೊಪ್ಪದಲ್ಲಿ ಇಳಿದಾಗ
ಎತ್ತಲು ಹಗುರ, ತೆರೆಯಲು ಭಾರ.
ಅರವತ್ತೊಂದು ಉಳಿದಿದ್ದವು. ವಾರ ಕಳೆದಾಗ ನಲವತ್ತು.
ಉಚಿತದ ಎರಡು ಯಾವುವೆಂದು
ಕೊನೆಗೂ ಗೊತ್ತಾಗಲಿಲ್ಲ.

ದುಡ್ಡು ನನ್ನೊಬ್ಬಳದ್ದಲ್ಲ, ಸಂಘದ್ದು. ಹತ್ತು ಮನೆಯದ್ದು.
ಕದೀಜ ಏನೂ ಅನ್ನಲಿಲ್ಲ.
ಏನೂ ಅನ್ನದೆ ಗೂಡಿನ ಕಾಫಿ ಸಿಪ್ಪೆ ಗುಡಿಸಿದಳು,
ಒಂದು ಮೂಲೆಯನ್ನೇ ಬಹಳ ಹೊತ್ತು.

ಈ ಸಲ ನಾನೇ ಹೊರಟೆ.
ನಮ್ಮ ತಕ್ಕ್‌ನಲ್ಲಿ ಕೂಸಿಗೂ ಮರಿಗೂ ಒಂದೇ ಪದ: ಕುಂಞಿ.
ನೂರು ಕುಂಞಿ ತರುತ್ತೇನೆ ಎಂದರೆ
ಅತ್ತೆ ಎಲೆಯಡಿಕೆ ಒಂದು ಕೆನ್ನೆಗೆ ತಳ್ಳಿ ಹೇಳಿದ್ದಿಷ್ಟೆ:
ಒಕ್ಕ ಯಾವುದೆಂದು ಕೇಳು.

ಕುಶಾಲನಗರದ ಬೈಪಾಸಿನಲ್ಲಿ ಮೊದಲನೆಯವನು.
ಗಾಜಿನ ಬಾಗಿಲು, ಗೋಡೆ ತುಂಬ ಸರ್ಟಿಫಿಕೇಟು,
ನನಗೆ, ಕಾಫಿ ಕೊಯ್ದು ಕೈ ಕರಿಯಾದವಳಿಗೆ,
ಪೊಟ್ಟಣದ ಕಾಫಿ.
ಒಳಗೆ ಬಿಡಲಿಲ್ಲ. ಸೋಂಕು, ಮೇಡಂ. ಸರಿಯಾದ ಮಾತೇ.
ತಾಯಿಕೋಳಿಗಳು ಎಲ್ಲಿಯವು?
ಫೋನು ತಿರುಗಿಸಿ ಫೋಟೋ ತೋರಿಸಿದ.
ಕೋಳಿಗಳ ಹಿಂದೆ ಸಮುದ್ರವಿತ್ತು.

ಸೋಮವಾರಪೇಟೆಯವನು ಎಲ್ಲದಕ್ಕೂ ಗ್ಯಾರಂಟಿ ಎಂದ.
ಲಸಿಕೆ? ಗ್ಯಾರಂಟಿ. ತಳಿ? ಗ್ಯಾರಂಟಿ.
ಒಂದೂ ಸಾಯದು, ಅಕ್ಕ, ಬರೆದುಕೊಡುತ್ತೇನೆ.
ಪೆನ್ನು ಕೊಟ್ಟೆ. ಅವನಿಗೆ ಆಗಲೇ ಯಾರದೋ ಫೋನು ಬಂತು.

ಗದ್ದೆಹಳ್ಳ ದಾಟಿದರೆ ಹಳೆಯ ಪಲ್ಪರ್ ಮನೆ,
ಅದರಲ್ಲಿ ಲಿಗೋರಿಯವರು.
ನಮಸ್ಕಾರಕ್ಕೆ ಮೊದಲೇ ಬೈದರು:
ಬೆಳಿಗ್ಗೆ ಮನೆಯ ಕೋಳಿ ಮುಟ್ಟಿದಿರೇ?
ಚಪ್ಪಲಿ ಬಿಡಿಸಿ, ನೇರಳೆ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿಸಿ,
ಕೈ ಎರಡು ಸಲ ತೊಳೆಸಿದರು.
ಒಳಗೆ ಬೆಚ್ಚನೆ ಗಂಜಿಯ ವಾಸನೆ, ಸುಣ್ಣದ್ದು,
ಕೊಳೆತದ್ದರದಲ್ಲ. ಕೊಳೆತದ್ದು ನನಗೆ ಗೊತ್ತು.

ಟ್ರೇಯಿಂದ ಒಂದನ್ನು ಎತ್ತಿ ಹೊಟ್ಟೆಗೆ ಊದಿದರು:
ನೋಡಿ, ಹೊಕ್ಕುಳು ಒಣಗಿದೆ.
ನನ್ನ ಅಂಗೈಯಲ್ಲಿ ಅಂಗಾತ ಮಲಗಿಸಿ, ಎಣಿಸಿ ಎಂದರು.
ಒಂದ್, ದಂಡ್,
ಮೂಂದ್ ಬಾಯಿಗೆ ಬರುವ ಮೊದಲೇ
ಮಗುಚಿ ಎದ್ದು ಹೆಬ್ಬೆರಳು ಕುಕ್ಕಿತು.

ಆದರೂ ನಾನು ಒಪ್ಪಿದ್ದು ಅದಕ್ಕಲ್ಲ.
ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು.
ನೀಲಿಯದರಲ್ಲಿ ಮಾರಿದ್ದು.
ಕೆಂಪು ರಟ್ಟಿನದನ್ನು ಕೇಳದೆಯೇ ನನ್ನ ಕಡೆ ತಳ್ಳಿದರು.

ಜನವರಿ ಆರು. ಇಟ್ಟದ್ದು ಆರುನೂರು.
ಒಡೆದು ಬಂದದ್ದು ನಾನೂರ ಎಂಬತ್ತೊಂಬತ್ತು.
ಬರಡು ಮೂವತ್ತೊಂಬತ್ತು.
ಚಿಪ್ಪಿನೊಳಗೇ ನಿಂತದ್ದು ಎಪ್ಪತ್ತೆರಡು.
ಆಮೇಲೆ ಬೇರೆ ಶಾಯಿಯಲ್ಲಿ, ಸಣ್ಣಗೆ:
ರಾತ್ರಿ ಕರೆಂಟಿರಲಿಲ್ಲ, ನಾಲ್ಕು ಗಂಟೆ.
ಡೀಸೆಲ್ ತಂದಿಟ್ಟಿರಲಿಲ್ಲ. ನನ್ನ ತಪ್ಪು.

ಆ ಎರಡು ಪದಗಳನ್ನು ಇನ್ನೊಮ್ಮೆ ಓದಿದೆ.
ಯಾರೂ ನೋಡದ ಪುಸ್ತಕದಲ್ಲಿ
ಯಾರಿಗೆಂದು ಬರೆದರೋ.

ಮರಿಗೆ ಇಪ್ಪತ್ತೊಂಬತ್ತು. ಚೌಕಾಸಿ ಮಾಡಿದೆ, ಸಂಘದ ದುಡ್ಡಲ್ಲವೇ.
ಎಂಟಾಣೆಯನ್ನೂ ಬಿಡಲಿಲ್ಲ.
ನೂರಕ್ಕೆ ನಾಲ್ಕು ಸಾಯುತ್ತವೆ, ಎಂದರು.
ಐದನೆಯದು ಸತ್ತರೆ ಫೋನು ಮಾಡಿ.

ಈಗ ಮಾದಾಪುರದ ಬಸ್ಸು. ಡಬ್ಬ ತೊಡೆಯ ಮೇಲೆ, ಸೆರಗು ಸುತ್ತಿ.
ಕಿಟಕಿಯ ಸಂದಿನಿಂದ ಜನವರಿಯ ಗಾಳಿ.
ಕಂಡಕ್ಟರ್ ಬಗ್ಗಿ ಕಿವಿಗೊಟ್ಟ:
ಇಷ್ಟೊಂದು ಜೀವಕ್ಕೆ ಟಿಕೆಟ್ ಹೇಗೆ ಹರಿಯಲಿ?
ಹಿಂದಿನ ಸೀಟಿನವರು ನಕ್ಕರು. ಲಗೇಜು ಎಂದು ಹರಿದ.

ಚೀರಿದರೆ ಚಳಿ ಎಂದಿದ್ದರು ಲಿಗೋರಿ, ಸುಮ್ಮನಿದ್ದರೆ ಸುಖ.
ತಿರುವು ಕಳೆದ ಮೇಲೆ ಒಂದೊಂದಾಗಿ
ಎಲ್ಲವೂ ಸುಮ್ಮನಾದವು.
ಹೋದ ವರ್ಷದ ಡಬ್ಬವೂ ಸುಮ್ಮನೇ ಇತ್ತು.

ರಟ್ಟಿನ ತೂತಿನಲ್ಲಿ ಹೆಬ್ಬೆರಳು ಇಳಿಬಿಟ್ಟು ಕೂತಿದ್ದೇನೆ.
ಒಂದ್.
ದಂಡ್.